ಟ್ರಾಫಿಕ್ ಅಂತ ಬರೀರಿ

ಮಾರ್ಚ್ 24, ಸೋಮವಾರ

ಎಂಟನೇ ಕ್ಲಾಸಿನ ಪೇಪರು ಇನ್ನೂ ಅರ್ಧ ಉಳಿದಿವೆ. ಸ್ಟಾಫ್ ರೂಮಿನ ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ‘ನನ್ನ ಕನಸಿನ ಊರು’ ಪ್ರಬಂಧ. ಎಲ್ಲರ ಕನಸಿನ ಊರಲ್ಲೂ ಅಗಲವಾದ ರಸ್ತೆ, ಎರಡೂ ಕಡೆ ಗಿಡ. ಆ ಊರಲ್ಲಿ ಮನೆ ಇಡಬೇಕೆಂದು ಒಬ್ಬರಿಗೂ ನೆನಪಾಗಿಲ್ಲ.

ಬುಶ್ರಾ ಇವತ್ತೂ ತಡ. ರೋಜಾ ಬಡಾವಣೆಯಿಂದ ಸೂಪರ್ ಮಾರ್ಕೆಟ್ ದಾಟಿ ಶಾಲೆಗೆ ಬರುವಷ್ಟರಲ್ಲಿ ಆಟೋದಲ್ಲೇ ಪೇಪರು ತಿದ್ದಿ ಮುಗಿಸಿದ್ದಳು. ಗಣಿತದ ಟೀಚರ್ ಅಲ್ಲವೇ, ಟಿಕ್ ಹಾಕಿದರೆ ಮುಗಿಯಿತು. ಹೆಡ್ ಮಾಸ್ತರು ಗಡಿಯಾರ ನೋಡಿದರು, ಇವಳು ನಕ್ಕಳು. ಅವಳ ಉಪವಾಸದ ದಿನಗಳಲ್ಲಿ ಎದುರಿಗೆ ಡಬ್ಬಿ ತೆರೆಯಲು ನನಗೆ ಸಂಕೋಚ. ಅವಳೇ ಬಂದು ಮುಂದೆ ಕೂತು, “ಉಣ್ರಿ ಅಕ್ಕಾ, ನನ್ನ ದೃಷ್ಟಿ ಏನೂ ತಾಗಂಗಿಲ್ಲ” ಅನ್ನುತ್ತಾಳೆ.

ಇವತ್ತು ಸುದ್ದಿ ತಂದಿದ್ದಳು.

“ನಿಮ್ಮ ಕಾಲೊನಿ ಹಿಂದ ದಾಲ್ ಮಿಲ್ ಇತ್ತಲ್ಲ, ನಂದೂರಿನ ಇಂಡಸ್ಟ್ರಿಯಲ್ ಏರಿಯಾಕ್ಕ ಹೋತಲ್ಲ ರೀ... ಆ ಜಾಗದಾಗ ಫ್ಲ್ಯಾಟ್ ಕಟ್ತಾರಂತ. ಸಣ್ಣ ಸಣ್ಣವು. ನಮ್ಮಂಥೋರಿಗೆ ಆಗೂವಂಥವು. ಝಹೀರ್ ಹೋಗಿ ಹೆಸರು ಹಚ್ಚಿ ಬಂದಾರ.”

ಝಹೀರ್ ಅವಳ ಗಂಡ. ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ರೋಜಾದ ಮನೆ ಮಾಲೀಕ ಮನೆ ಕೆಡವಿ ಲಾಡ್ಜ್ ಕಟ್ಟುತ್ತಾನಂತೆ, ದರ್ಗಾದ ಉರುಸು ಮುಗಿದ ಕೂಡಲೇ ಖಾಲಿ ಮಾಡಿ ಎಂದಿದ್ದಾನೆ. ಫ್ಲ್ಯಾಟು ಆಗುವ ತನಕ ಎಲ್ಲಾದರೂ ದಿನ ದೂಡುತ್ತಾರಂತೆ.

“ಆಮ್ಯಾಲ ಸಾಲಿಗಿ ನಡಕೊಂತ ಬರ್ತೀನಿ ನೋಡ್ರಿ. ಹೆಡ್ ಮಾಸ್ತರ್ ತಡಾ ಬಂದ್ರ ನಾನಽ ಗಡಿಯಾರ ನೋಡ್ತೀನಿ.”

ಖುಷಿಯಾಯಿತು. ನಿಜವಾಗಿಯೂ ಆಯಿತು. ಬರೆದಿಡುತ್ತಿದ್ದೇನೆ.

ಮಾರ್ಚ್ 31, ಸೋಮವಾರ

ನಿನ್ನೆ ನಮ್ಮ ಯುಗಾದಿ, ಇವತ್ತು ಅವಳ ಈದ್. ಬೆಳಿಗ್ಗೆ ಹೋಗಿ ಬಂದೆ. ಅವಳ ಮನೆಯ ಮೂರು ಕಡೆಯೂ ಲಾಡ್ಜ್ ಎದ್ದಿವೆ, ನಡುವೆ ಅವರದೊಂದು ಬಾಡಿಗೆ ಮನೆ, ಎರಡು ಲಾರಿಗಳ ಮಧ್ಯೆ ಸಿಕ್ಕ ಸೈಕಲ್ಲಿನ ಹಾಗೆ. ಗೋಡೆಗೆ ಫ್ಲ್ಯಾಟಿನ ನಕ್ಷೆ ಅಂಟಿಸಿದ್ದಾಳೆ. ಅಡಿಗೆಮನೆಯ ಕಿಟಕಿಗೆ ಕೆಂಪು ಪೆನ್ನಿನ ಟಿಕ್.

“ಈ ಕಿಟಕಿಯಿಂದ ನಿಮ್ಮ ತುಳಸಿಕಟ್ಟಿ ಕಾಣ್ತದ ಅಕ್ಕಾ. ಝಹೀರ್ ಹೋಗಿ ನಿಂತು ನೋಡ್ಯಾರ.”

ಏಪ್ರಿಲ್ 3, ಗುರುವಾರ

ಕಾಲೊನಿ ಸಂಘದ ಮೀಟಿಂಗ್. ನಮ್ಮ ಮನೆಯವರು — ಸುಮಂತ — ಖಜಾಂಚಿ. ನಾನು ಬರೀ ಚಹಾ ಕೊಡಲು ಹೋಗಿದ್ದು.

ವಿಷಯ ದಾಲ್ ಮಿಲ್ಲಿನದೇ. ಆ ಜಾಗ ದಾಖಲೆಯಲ್ಲಿ ಇನ್ನೂ ಕಾರ್ಖಾನೆಗೆ ಮೀಸಲು. ಮನೆ ಕಟ್ಟಬೇಕಾದರೆ ಪ್ಲಾನಿಂಗ್ ಆಫೀಸು ಬದಲಾಯಿಸಿ ಕೊಡಬೇಕು. ಅದಕ್ಕೆ ಮೊದಲು ಜನರ ತಕರಾರು ಕೇಳುತ್ತಾರೆ. ಪೇಪರಿನಲ್ಲಿ ನೋಟಿಸು ಬಂದಿದೆ.

ಅಧ್ಯಕ್ಷರು ಒಂದೇ ಮಾತು ಹಿಡಿದುಕೊಂಡಿದ್ದರು: “ಫ್ಲ್ಯಾಟ್ ಬಂದ್ರ ಎಂಥೆಂಥಾ ಮಂದಿ ಬರ್ತಾರೋ ಏನೋ.” ಎಲ್ಲರೂ ತಲೆಯಾಡಿಸಿದರು. ‘ಎಂಥೆಂಥಾ’ ಅಂದರೆ ಯಾರು ಅಂತ ಒಬ್ಬರೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಪಕ್ಕದ ಮನೆಯ ಶಿವಕಾಂತಮ್ಮ, “ಅದು ಖರೆ ರೀ, ಆದ್ರ ಹಂಗ ಬರೀಲಿಕ್ಕ ಬರ್ತದೇನು? ಕೇಸ್ ಆಗ್ತದ” ಅಂದರು.

ಆಗ ನಾನು, ಟ್ರೇ ಕೈಯಲ್ಲಿ ಹಿಡಿದು ನಿಂತವಳು, ಅಂದೆ: “ಟ್ರಾಫಿಕ್ ಅಂತ ಬರೀರಿ.”

ಮುಖಗಳು ಹೇಗೆ ಅರಳಿದವು! ಟ್ರಾಫಿಕ್. ಅಷ್ಟು ಮನೆ, ಅಷ್ಟು ಗಾಡಿ, ಕಿರಿದಾದ ರಸ್ತೆ, ಶಾಲೆಯ ಮಕ್ಕಳು. ಯಾರೂ ಬೇಡ ಅನ್ನಲಾಗದ ಮಾತು. ಕನ್ನಡ ಟೀಚರ್ ಮಂಜುಷಾ ಬರದ್ರ ಮುಗೀತು, ನೀವಽ ಬರೀರಿ ಅಂದರು ಅಧ್ಯಕ್ಷರು. ನಾನು ಉಬ್ಬಿಹೋದೆ.

ಬುಶ್ರಾ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳು. ನೆನಪಾದಳು. ಒಂದು ಅರ್ಜಿಯಿಂದ ಏನಾಗುತ್ತದೆ, ಸರ್ಕಾರಿ ಆಫೀಸಿನಲ್ಲಿ ಇಂಥವು ಧೂಳು ತಿನ್ನುತ್ತ ಬಿದ್ದಿರುತ್ತವೆ ಅಂದುಕೊಂಡೆ.

ಏಪ್ರಿಲ್ 6, ರವಿವಾರ

ಬರೆದೆ. ಎರಡು ಪುಟ. ಚೆನ್ನಾಗಿ ಬಂದಿದೆ, ಅದೇ ಕೆಟ್ಟದ್ದು. ‘ಹೊತ್ತು ಮುಳುಗುವ ವೇಳೆಗೆ ಅಂಗಳದಲ್ಲಿ ಆಡುವ ಕೂಸುಗಳ ಕಾಲಡಿಗೆ ಗಾಡಿಗಳ ಚಕ್ರ ಬಂದು ನಿಲ್ಲಬಾರದು’ ಎಂಬ ಸಾಲು ಓದಿ ಇವರು ಎರಡು ಸಲ ಭೇಷ್ ಅಂದರು. ಕಾಲೊನಿಯ ಅಂಗಳದಲ್ಲಿ ಆಡುವ ಕೂಸುಗಳು ಎಲ್ಲಿವೆ? ಎಲ್ಲ ಟ್ಯೂಷನ್ನಿನಲ್ಲಿವೆ.

ಸಹಿ ಹಾಕಿಸುವ ದಾರಿ ಶಿವಕಾಂತಮ್ಮನದು. ಚೈತ್ರಗೌರಿಯ ಅರಿಶಿನ-ಕುಂಕುಮ ನಮ್ಮ ಮನೆಯಲ್ಲಿ ಶುಕ್ರವಾರ. ಕಾಲೊನಿಯ ಹೆಂಗಸರೆಲ್ಲ ಹೇಗೂ ಬರುತ್ತಾರೆ. ಉಡಿ ತುಂಬಿಸಿಕೊಂಡ ಮನೆಯಲ್ಲಿ ಯಾರೂ ಒಲ್ಲೆ ಅನ್ನುವುದಿಲ್ಲ.

ಅತ್ತೆಗೆ ಹೇಳಿದೆ. ಇಂದೂಬಾಯಿಯವರು, ನಮ್ಮ ಅತ್ತೆ, ಮಡಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. “ಗೌರಿ ಮುಂದ ಇದೆಲ್ಲ ಯಾಕ?” ಅಂದರು. ಅಷ್ಟೇ.

ಬುಶ್ರಾಳನ್ನು ಪ್ರತಿ ವರ್ಷ ಕರೆಯುತ್ತಿದ್ದೆ. ಈ ಸಲ ಕರೆಯುವುದಿಲ್ಲ. ಕರೆಯದಿದ್ದರೆ ಅವಳಿಗೇನೂ ಗೊತ್ತಾಗುವುದಿಲ್ಲ. ಅವಳಿಗೂ ಒಳ್ಳೆಯದು.

ಅವಳಿಗೂ ಒಳ್ಳೆಯದು ಎಂದು ಬರೆದಿದ್ದೇನೆ ನೋಡು. ಕೈಗೆ ನಾಚಿಕೆಯಿಲ್ಲ.

ಏಪ್ರಿಲ್ 11, ಶುಕ್ರವಾರ

ಪಾತ್ರೆಗಳು ಹಾಗೇ ಬಿದ್ದಿವೆ. ಇದನ್ನು ಬರೆಯದೆ ಏಳಲಾರೆ.

ನಾಲ್ಕಕ್ಕೇ ಹೆಂಗಸರು ಬರತೊಡಗಿದರು. ಗೌರಿ ತೂಗುಯ್ಯಾಲೆಯಲ್ಲಿ. ಕೋಸಂಬರಿ, ಮಾವಿನಕಾಯಿ ಪಾನಕ, ನೆನೆದ ಕಡಲೆಯ ಉಡಿ. ಬಾಗಿಲ ಹತ್ತಿರ ಶಿವಕಾಂತಮ್ಮ, ಪ್ಯಾಡು ಹಿಡಿದು. ಪ್ಯಾಡಿನ ಮೇಲೆ ಬರೀ ಸಹಿಯ ಹಾಳೆ. ನಾನು ಬರೆದ ಎರಡು ಪುಟ ಒಳಗೆ, ಇವರ ಟೇಬಲ್ಲಿನ ಮೇಲೆ. ಒಬ್ಬರೂ ಅದನ್ನು ಕೇಳಲಿಲ್ಲ.

ಹೊತ್ತು ಇಳಿಯುವಾಗ ಗೇಟಿನ ಸದ್ದು. ಬುಶ್ರಾ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು.

“ಫೋನ್ ಮಾಡೂದು ಮರ್ತೀರಿ ಅಂತ ಗೊತ್ತಾತು ಅಕ್ಕಾ. ಇಷ್ಟು ಮಂದಿ ಬರ್ತಾರ, ಒಬ್ಬರು ಬಿಟ್ಟು ಹೋಗ್ತಾರ. ನಾನಽ ಬಂದೆ. ಝಹೀರ್ ಅವರ ಕಾಕಾ ಮಲಂಗಸಾಬರ ತೋಟದ್ದು ಬಾಳಿ, ಗೌರಿಗಿ ಇಡ್ರಿ.”

ಅತ್ತೆ ಹಣ್ಣು ತಗೊಂಡು ಗೌರಿ ಮುಂದೆ ಇಟ್ಟರು. ಬುಶ್ರಾ ಕುಂಕುಮ ಹಚ್ಚಿಕೊಳ್ಳುವುದಿಲ್ಲ, ಮಲ್ಲಿಗೆ ಮುಡಿಯುತ್ತಾಳೆ, ಕಡಲೆಗೆ ಸೆರಗು ಒಡ್ಡುತ್ತಾಳೆ. ನಾನು ಉಡಿ ತುಂಬಿದೆ. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಅವಳೇ ಬಗ್ಗಿ ಆರಿಸಿದಳು.

ನಾನು ಪಾನಕ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಶಿವಕಾಂತಮ್ಮ ಅವಳ ಮುಂದೆ ಪ್ಯಾಡು ಹಿಡಿದಿದ್ದರು. ಅವರಿಗೇನು ಗೊತ್ತು, ಬುಶ್ರಾ ಹೆಸರು ಹಚ್ಚಿದ್ದು? ಗೊತ್ತಿದ್ದವಳು ನಾನೊಬ್ಬಳೇ.

“ಟೀಚರ್, ನಿಮ್ಮದೂ ಒಂದು ಸಹಿ. ಈ ರೋಡಿನ ಟ್ರಾಫಿಕ್ ಕಡಿಮಿ ಮಾಡ್ರಿ ಅಂತ ಅರ್ಜಿ.”

“ನಾ ಈ ಕಾಲೊನಿಯಾಕಿ ಅಲ್ಲಲ್ಲ ರೀ.”

“ಸಾಲಿ ಇಲ್ಲೇ ಅದ, ದಿನಾ ಈ ರೋಡಿನಾಗಽ ಬರ್ತೀರಿ. ನಡೀತದ.”

“ಹಂಗಂದ್ರ ಟ್ರಾಫಿಕ್‌ದು ಮೊದಲ ಸಹಿ ನಂದಽ ಇರಬೇಕಿತ್ತು!” ಎಂದು ನಕ್ಕಳು. ಪೆನ್ನು ತಗೊಂಡಳು. ನನ್ನ ಕಡೆ ತಿರುಗಿದಳು.

“ಅಕ್ಕಾ, ಏನರ ಓದಬೇಕೇನ್ರಿ?”

ಆಗ ಹೇಳಬಹುದಿತ್ತು. ಎಲ್ಲರ ಮುಂದೆ ಬೇಡ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರೂ ಸಾಕಿತ್ತು.

“ಪಾನಕ ಕುಡಿ ಮೊದಲ,” ಅಂದೆ. “ಬೆಚ್ಚಗಾಗ್ತದ.”

ಸಹಿ ಹಾಕಿದಳು. ಲೋಟ ತಗೊಂಡಳು. ಪಾನಕ ಭಾಳ ಛಲೋ ಆಗ್ಯಾದ ಅಂದಳು.

ಏಪ್ರಿಲ್ 12

ಬೆಳಿಗ್ಗೆ ಎದ್ದು ಮೊದಲು ಆ ಹಾಳೆ ತೆಗೆದು ಹರಿದುಬಿಡಬೇಕೆಂದು ಹೋದೆ. ಇವರು ಆಗಲೇ ಅಧ್ಯಕ್ಷರಿಗೆ ಕೊಟ್ಟು ಬಂದಿದ್ದರು. ವಾಕಿಂಗಿಗೆ ಹೋಗುವಾಗ.

ಅಧ್ಯಕ್ಷರ ಮನೆಯ ತನಕ ಹೋಗಬಹುದಿತ್ತು. ಚಪ್ಪಲಿ ಕೂಡ ಹಾಕಿಕೊಂಡಿದ್ದೆ.

ಜೂನ್ 9, ಸೋಮವಾರ

ಬೇಸಿಗೆ ರಜೆಯಲ್ಲಿ ಒಂದು ಅಕ್ಷರ ಬರೆದಿಲ್ಲ. ಬಿಸಿಲು ಅಂತ ನೆವ.

ಶಾಲೆ ಶುರು. ಪ್ಲಾನಿಂಗ್ ಆಫೀಸಿನ ತಾತ್ಕಾಲಿಕ ತೀರ್ಮಾನ ಬಂದಿದೆ. ಮಿಲ್ಲಿನ ಜಾಗದಲ್ಲಿ ವಾಸದ ಮನೆಗೆ ಒಪ್ಪಿಗೆ, ಆದರೆ ಫ್ಲ್ಯಾಟು ಇಲ್ಲ. ದೊಡ್ಡ ದೊಡ್ಡ ಸೈಟು, ಒಂದು ಸೈಟಿಗೆ ಒಂದೇ ಮನೆ. ಕಾರಣ: ಸ್ಥಳೀಯರು ವ್ಯಕ್ತಪಡಿಸಿದ ಟ್ರಾಫಿಕ್ ಆತಂಕ. ಅಧ್ಯಕ್ಷರು ಮನೆಮನೆಗೆ ಪೇಢೆ ಕಳಿಸಿದರು. ನಮ್ಮ ಮನೆಗೆ ಎರಡು ಡಬ್ಬಿ.

ಬುಶ್ರಾ ಉರುಸು ಮುಗಿದ ವಾರವೇ ಮನೆ ಖಾಲಿ ಮಾಡಿದ್ದಾಳೆ. ಸದ್ಯ ತಂಗಿಯ ಮನೆಯ ಒಂದು ಕೋಣೆಯಲ್ಲಿ ಸಾಮಾನು ಸಮೇತ. ಸ್ಟಾಫ್ ರೂಮಿನಲ್ಲಿ ಎಂದಿನಂತೆ ಎದುರು ಕೂತಳು. “ಯಾರೋ ತಕರಾರು ಮಾಡ್ಯಾರಂತ ರೀ ಅಕ್ಕಾ. ನಾವು ಇನ್ನೂ ಬಂದಿಲ್ಲ, ಏನೂ ಮಾಡಿಲ್ಲ, ಅಷ್ಟರಾಗ ಟ್ರಾಫಿಕ್ ಆಗಿಬಿಟ್ಟೀವಿ ನೋಡ್ರಿ.”

ನಾನು ಡಬ್ಬಿಯ ಮುಚ್ಚಳ ತೆಗೆಯಲು ಬಹಳ ಹೊತ್ತು ತಗೊಂಡೆ.

ಜೂನ್ 20, ಶುಕ್ರವಾರ

ಆ ದೊಡ್ಡ ಸೈಟುಗಳ ದರ ಕೇಳಿ ಸುತ್ತಲಿನ ಬಾಡಿಗೆ ಎಲ್ಲ ಜಿಗಿದಿದೆ. ಇವರು ನಮ್ಮ ಮೇಲಿನ ಮನೆಗೆ ಬಣ್ಣ ಹೊಡೆಸಿ ಟು-ಲೆಟ್ ಬೋರ್ಡು ಹಾಕಿದ್ದಾರೆ. ಹಳೆಯ ಬಾಡಿಗೆಗೆ ಕೊಟ್ಟರೆ ಕಾಲೊನಿಗೇ ಅವಮಾನವಂತೆ.

ಶಾಲೆ ಬಿಟ್ಟ ಮೇಲೆ ಬುಶ್ರಾ ನಮ್ಮ ಮನೆಯ ಗೇಟಿನತನಕ ಜೊತೆಗೆ ಬಂದಳು. ಬೋರ್ಡು ನೋಡಿದಳು. ನೋಡಿ ಬೇರೆ ಮಾತು ತೆಗೆದಳು, ಹೋಮ್‌ವರ್ಕ್ ವಿಷಯ ಏನೋ. ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಕೇಳದಿದ್ದರೂ ನಾನು ಉತ್ತರ ಕೊಟ್ಟೆ.

“ಮ್ಯಾಲಿನ ಮನಿ ನಿನಗ ಕೊಡಬೇಕಂತ ಭಾಳ ಇತ್ತು ಬುಶ್ರಾ. ನಮ್ಮತ್ತಿ... ಮಡಿ, ಗೊತ್ತದಲ್ಲ ನಿನಗ.”

“ಅಯ್ಯ, ನಾ ಎಲ್ಲಿ ಕೇಳಿದೆ ರೀ?” ನಕ್ಕಳು. “ಅಮ್ಮಾರಿಗೆ ಯಾಕ ತ್ರಾಸು. ನಾವು ಕಮಲಾಪುರಕ್ಕ ಹೋಗ್ತೀವಿ. ಕಾಕಾನ ಮನಿ ದೊಡ್ಡದದ.”

ಒಳಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಲ್ಲಾ ಕೇಳಿದ್ದರು.

“ನನ್ನ ಹೆಸರು ಯಾಕ ಹೇಳಿದಿ ಮಂಜೂ? ನನಗ ಯಾರು ಕೇಳಿದ್ರು? ನನ್ನ ಮಡಿ ನನ್ನ ಅಡಿಗಿಮನಿಯಾಗದ. ಮಾಳಿಗಿ ಮ್ಯಾಲೆ ಯಾರಿದ್ರ ನನಗೇನು?”

ಸಿಟ್ಟಿನಿಂದ ಅಲ್ಲ. ಬೇಸರದಿಂದ ಅಂದರು. ಅದೇ ಇನ್ನೂ ನೆಟ್ಟಗೆ ತಾಗಿತು.

ಜುಲೈ 8, ಮಂಗಳವಾರ

ಮೂರನೇ ಪಿರಿಯಡ್ ಖಾಲಿ. ಬರೆಯುತ್ತಿದ್ದೇನೆ.

ಬುಶ್ರಾ ಕಮಲಾಪುರದಿಂದ ಬರಲು ಶುರು ಮಾಡಿ ವಾರದ ಮೇಲಾಯಿತು. ಬೆಳಕು ಹರಿಯುವ ಮೊದಲೇ ಬಸ್ಸು. ಬಸ್ಸು ಹುಮನಾಬಾದ್ ರಸ್ತೆಯಲ್ಲಿ ಆರಾಮಾಗಿ ಓಡುತ್ತದಂತೆ, ಊರು ಹತ್ತಿರ ಬಂದಂತೆ ಕಾಲು ಎಳೆಯುತ್ತದಂತೆ. ರಿಂಗ್ ರೋಡಿಗೆ ಬಂದು ನಿಂತರೆ ನಿಂತಿತು. ಇಳಿದು ನಡೆದು ಬರುತ್ತಾಳೆ. ಆದರೂ ಬೆಲ್ಲು ತಪ್ಪುತ್ತದೆ. ಹೆಡ್ ಮಾಸ್ತರು ಈಗ ಗಡಿಯಾರ ನೋಡುವುದಿಲ್ಲ, ಹಾಜರಿ ಮಸ್ಟರಿನಲ್ಲಿ ಕೆಂಪು ಗೆರೆ ಎಳೆಯುತ್ತಾರೆ.

ಬಸ್ಸಿನಲ್ಲಿ ಅವಳಂಥವರೇ ತುಂಬಿರುತ್ತಾರಂತೆ. ಆಸ್ಪತ್ರೆಯ ನರ್ಸುಗಳು, ಅಂಗಡಿ ಕೆಲಸದವರು, ಮಿಲ್ಲಿನ ಹಮಾಲರು. ಬಸ್ಸು ಸಾಲದೆ ಕೆಲವರು ಸಾಲ ಮಾಡಿ ಬೈಕು ತಗೊಂಡಿದ್ದಾರೆ.

“ಲೆಕ್ಕ ಭಾಳ ಸರಳ ಅದ ಅಕ್ಕಾ,” ಅಂದಳು. “ಊರಾಗ ಕೆಲಸ ಅದ, ಊರಾಗ ಮನಿ ಇಲ್ಲ. ಮಂದಿ ಹೊರಗ ಹೋಗಿ ಮತ್ತ ದಿನಾ ಒಳಗ ಬರಬೇಕು. ರೋಡೇನು ಮಾಡ್ತದ ಪಾಪ.”

ನಿನ್ನೆ ಮಧ್ಯಾಹ್ನ ಮನೆಗೆ ಹೋಗುವಾಗ ನಮ್ಮ ಕಾಲೊನಿಯ ಗೇಟಿನತನಕ ಗಾಡಿಗಳ ಸಾಲು. ಮಿಲ್ಲಿನ ಜಾಗದಲ್ಲಿ ಸೈಟು ಮಾಡಲು ಆಗಲೇ ಮುರುಮು ಮಣ್ಣಿನ ಟಿಪ್ಪರುಗಳು ಬಂದಿವೆ. ಅಧ್ಯಕ್ಷರು ತಮ್ಮ ಕಾರಿನಲ್ಲಿ ಕೂತು ಹಾರ್ನು ಒತ್ತುತ್ತಿದ್ದರು. ನಗು ಬರಬೇಕಿತ್ತು. ಬರಲಿಲ್ಲ.

ಜುಲೈ 22, ಮಂಗಳವಾರ

ಇವತ್ತು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ್ದು ನೋಡಿ ಬಾಗಿಲು ಮುಂದೆ ಮಾಡಿದಳು. ಕಣ್ಣು ಊದಿದ್ದವು.

“ಅಕ್ಕಾ, ತಕರಾರು ಮಾಡಿದವರು ಯಾರು ಅಂತ ಗೊತ್ತಾತು.”

ನಾನು ಪೆನ್ನಿನ ಮುಚ್ಚಳ ಹಾಕಿದೆ.

“ನಾನಽ ರೀ. ನಾನಽ ಮಾಡೀನಿ.”

ಫ್ಲ್ಯಾಟ್ ಕಟ್ಟುವವರ ಆಫೀಸಿನಲ್ಲಿ ಝಹೀರನಿಗೆ ಸಹಿಯ ಹಾಳೆಗಳ ಝೆರಾಕ್ಸ್ ತೋರಿಸಿದರಂತೆ. ನಿಮ್ಮ ಹೆಂಡತಿಯೇ ಬೇಡ ಅಂದಾರ, ನಮ್ಮನ್ನೇನು ಕೇಳ್ತೀರಿ ಅಂದರಂತೆ. ಝಹೀರ್ ಅವತ್ತಿನಿಂದ ಇವಳ ಜೊತೆ ಮಾತು ಬಿಟ್ಟಿದ್ದಾನೆ.

“ಗೌರಿ ದಿನ ನಿಮ್ಮ ಮನಿಯಾಗ ಹಾಕಿದ್ದು ಅದಽ ಅದ ರೀ. ಟ್ರಾಫಿಕ್ ಅಂತ ಅಂದ್ರು, ಹಾಕಿಬಿಟ್ಟೆ. ಮಕ್ಕಳಿಗೆ ದಿನಾ ಹೇಳ್ತೀನಿ, ಪ್ರಶ್ನೆ ಪೂರಾ ಓದಿ ಉತ್ತರ ಬರೀರಿ ಅಂತ. ನಾ ಓದಲಿಲ್ಲ. ನಿಮ್ಮನ್ನ ಕೇಳಿದ್ದೆ ಖರೆ, ಓದಬೇಕೇನು ಅಂತ... ನೀವೂ ಓದಿರಲಿಕ್ಕಿಲ್ಲ, ಅಲ್ರೀ?”

ದಾರಿ ಅವಳೇ ಮಾಡಿಕೊಟ್ಟಿದ್ದಳು. ನಾನು ಅದರಲ್ಲಿ ನಡೆದೆ.

“ಇಲ್ಲ,” ಅಂದೆ. “ನಾನೂ ಓದಿರಲಿಲ್ಲ.”

ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಮಾಡಿದಳು. ನನಗೆ! “ಹೋಗ್ಲಿ ಬಿಡ್ರಿ ಅಕ್ಕಾ, ಇಬ್ಬರಿಗೂ ಮೋಸ ಆತು.”

ಓದಿರಲಿಲ್ಲವಂತೆ. ಅಲ್ಪವಿರಾಮ ಸಹಿತ ಬಾಯಿಪಾಠ ಬರುತ್ತದೆ ನನಗೆ. ಥೂ.

ಜುಲೈ 23

ನಾಳೆ ಹೇಳುತ್ತೇನೆ.

ಜುಲೈ 24

ಯುನಿಟ್ ಟೆಸ್ಟು ಇತ್ತು.

ಆಗಸ್ಟ್ 17, ರವಿವಾರ

ಕಮಲಾಪುರಕ್ಕೆ ಹೋಗಿದ್ದೆ. ಹೇಳಲಿಕ್ಕೆಂದೇ. ಇವರಿಗೆ ಬುಶ್ರಾಳ ಮನೆ ನೋಡಿ ಬರುತ್ತೇನೆ ಎಂದಷ್ಟೇ ಹೇಳಿದೆ. ಕಾರು ಬೇಡವೆಂದು ಬಸ್ಸಿನಲ್ಲಿ ಹೋದೆ, ಅವಳ ಕಷ್ಟದಲ್ಲಿ ಒಂದು ತುತ್ತು ತಿಂದರೆ ಪಾಪ ಇಳಿಯುತ್ತದೆ ಎಂಬ ಹಾಗೆ. ರವಿವಾರ, ರಸ್ತೆ ಖಾಲಿ. ಅದೂ ಸಿಗಲಿಲ್ಲ.

ಮಲಂಗಸಾಬರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಎತ್ತರದ ಮುದುಕ, ಮಾತು ಜಾಸ್ತಿ. “ಬರ್ರಿ ಬಾಯಿಸಾಬ್, ನಮ್ಮ ಸೊಸಿ ನಿಮ್ಮದಽ ಜಪ ಮಾಡ್ತಾಳ.” ತೋಟ ತೋರಿಸಿದರು. ಈ ಮಣ್ಣು ಬಿಟ್ಟು ಬೇರೆ ಕಡೆ ಕೆಂಪು ಬಾಳೆಗೆ ಈ ರುಚಿ ಬರುವುದಿಲ್ಲ ಎಂದರು. ಪಕ್ಕದ ತೋಟದವರು ಗಿಡ ಕಿತ್ತು ಸೈಟು ಹಾಕಿದ್ದಾರೆ. ಊರಲ್ಲಿ ಮನೆ ಸಿಗದವರು ಇಲ್ಲಿ ಕೇಳಿಕೊಂಡು ಬರುತ್ತಾರಂತೆ, ಇಲ್ಲಿಯೂ ಬಾಡಿಗೆ ಏರಿದೆಯಂತೆ. ತಮ್ಮ ತೋಟಕ್ಕೂ ದಲ್ಲಾಳಿಗಳು ಬಂದು ಹೋಗಿದ್ದಾರೆ. “ನಾ ಇರೂ ತನಕ ಇಲ್ಲ,” ಅಂದರು.

ನನ್ನ ಎರಡು ಪುಟ ಇಲ್ಲಿತನಕ ಬಂದಿವೆ. ಬಾಳೆಯ ಬುಡದತನಕ.

ಊಟಕ್ಕೆ ನನಗಾಗಿ ಬೇರೆ ಹೊಸ ಪಾತ್ರೆಯಲ್ಲಿ ಅನ್ನ, ತೊಗರಿಬೇಳೆ, ಪುಂಡಿಪಲ್ಯ ಮಾಡಿದ್ದಳು. ಝಹೀರ್ ಎದುರಿಗೆ ಕೂತ. ಮರ್ಯಾದೆಯಿಂದಲೇ ಮಾತಾಡಿದ, ನನ್ನ ಜೊತೆ. ಹೆಂಡತಿಯ ಕಡೆ ನೋಡದೆ ಅಂದ:

“ಹೆಸರಿಗೆ ಟೀಚರ್ ಅದಾಳ ರೀ. ಓದಲಾರದ ಸಹಿ ಮಾಡ್ಯಾಳ. ನಮ್ಮ ಮನಿ ನಾವಽ ಕೆಡವಿದಂಗಾತು.”

ಬುಶ್ರಾ ನನ್ನ ತಟ್ಟೆಗೆ ಪಲ್ಯ ಬಡಿಸುತ್ತಿದ್ದಳು. ಇನ್ನೊಂದು ಚಮಚ ಹಾಕಿದಳು. ಅಭ್ಯಾಸವಾಗಿದೆ ಎಂದು ಕಾಣುತ್ತದೆ.

ಒಂದೇ ಮಾತು ಸಾಕಿತ್ತು. ಅವಳದೇನೂ ತಪ್ಪಿಲ್ಲ ಝಹೀರ್, ಬರೆದವಳು ನಾನು. ಆ ಮಾತು ಬಾಯಿತನಕ ಬಂತು. ಅನ್ನದ ಜೊತೆ ನುಂಗಿದೆ.

ಝಹೀರನೇ ಮುಂದುವರಿಸಿದ. ಹೆಸರು ಹಚ್ಚಿದವರೆಲ್ಲ ಸೇರಿ ಮತ್ತೆ ಅರ್ಜಿ ಕೊಟ್ಟಿದ್ದಾರೆ. ಸೆಪ್ಟೆಂಬರ್ ಹನ್ನೊಂದಕ್ಕೆ ಕೊನೆಯ ವಿಚಾರಣೆ. ಸಹಿ ಹಾಕಿದವರಿಗೆ ಅರ್ಜಿಯಲ್ಲಿ ಏನಿದೆಯೆಂದೇ ಗೊತ್ತಿರಲಿಲ್ಲ ಎಂದು ತೋರಿಸಿದರೆ ತೀರ್ಮಾನ ಬದಲಾಗಬಹುದು.

“ನೀವು ಬಂದು ಒಂದು ಮಾತು ಹೇಳ್ರಿ ಬಾಯಿ. ‘ಸಹಿ ನಮ್ಮ ಮನಿಯಾಗಽ ಆತು, ಆಕಿಗೆ ಗೊತ್ತಿದ್ದಿಲ್ಲ’ ಅಂತ. ನೀವು ಹೇಳಿದ್ರ ಕೇಳ್ತಾರ.”

“ಬರ್ತೀನಿ,” ಅಂದೆ.

ಬುಶ್ರಾ ಬಸ್ಸು ಹತ್ತಿಸಲು ಬಂದಳು. ಕಿಟಕಿಯಿಂದ ಕೈಯೊಳಗೆ ಹಣ್ಣಿನ ಚೀಲ ತುರುಕಿದಳು. “ನೀವು ಒಬ್ಬರು ಅದೀರಿ ನೋಡ್ರಿ ಅಕ್ಕಾ,” ಅಂದಳು. ಬಸ್ಸು ಹೊರಟಿತು. ದಾರಿಯುದ್ದಕ್ಕೂ ಹಣ್ಣು ಮಡಿಲಲ್ಲಿತ್ತು. ಬಿಸಾಕಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ನಾಳೆ ವಿಚಾರಣೆ. ಇವರಿಗೆ ಹೇಳಿದೆ, ಬುಶ್ರಾ ಪರ ಒಂದು ಮಾತು ಹೇಳಬೇಕು ಎಂದು. ಪೇಪರು ಕೆಳಗಿಟ್ಟರು.

“ಹೇಳಿ ಏನು ಮಾಡಾಕಿ? ಬರದಾಕಿ ನೀನು. ಕಾಲೊನಿಯಾಗ ನಾವು ಬದುಕಬೇಕೋ ಬ್ಯಾಡೋ? ಸುಮ್ಮ ಬಂದು ಕೂಡು. ಗೆಳತಿ ಮುಖಕ್ಕ ಮುಖ ಕೊಟ್ಟಂಗಾತು, ಅಷ್ಟು ಸಾಕು.”

ಜಗಳ ಮಾಡಬೇಕಿತ್ತು. ಅವರು ಹೇಳಿದ್ದು ಕೇಳಿ ಒಳಗೊಳಗೇ ಹಗುರಾದೆ. ಬೇಡ ಎನ್ನುವವರೊಬ್ಬರು ಸಿಕ್ಕರಲ್ಲ ಎಂದು.

ಸೆಪ್ಟೆಂಬರ್ 11, ಗುರುವಾರ. ಪ್ಲಾನಿಂಗ್ ಆಫೀಸಿನ ವರಾಂಡಾ

ಶಾಲೆಯ ಚೀಲದಲ್ಲಿ ಡೈರಿ ಇತ್ತು. ಬೆಂಚಿನ ಮೇಲೆ ಕೂತಿದ್ದೇನೆ. ವಿಚಾರಣೆ ಮುಗಿಯಿತು. ಇವರು ಕಾರು ತರಲು ಹೋಗಿದ್ದಾರೆ.

ಕ್ರಮವಾಗಿ ಬರೆಯುತ್ತೇನೆ.

ಎಡಕ್ಕೆ ಕಾಲೊನಿಯವರು, ಬಲಕ್ಕೆ ಫ್ಲ್ಯಾಟಿನವರು. ನಾನು ಎಡಕ್ಕೆ ಕೂತೆ. ಮೂರನೇ ಸಾಲು, ಇವರ ಪಕ್ಕ, ಆ ಕಡೆ ಶಿವಕಾಂತಮ್ಮ. ಬುಶ್ರಾ ಬಂದಳು, ನನ್ನನ್ನು ನೋಡಿ ಕೈ ಎತ್ತಿ ನಕ್ಕಳು. ಬಲಗಡೆ ತನ್ನ ಪಕ್ಕದ ಕುರ್ಚಿಯ ಮೇಲೆ ಪರ್ಸು ಇಟ್ಟಿದ್ದಳು. ನನಗೆಂದು.

ಗುಮಾಸ್ತ ತಕರಾರು ಅರ್ಜಿ ಗಟ್ಟಿಯಾಗಿ ಓದಿದ. ಹೊತ್ತು ಮುಳುಗುವ ವೇಳೆಗೆ, ಅಂಗಳದಲ್ಲಿ ಆಡುವ ಕೂಸುಗಳು... ಅಲ್ಲಿಗೆ ಬರುತ್ತಲೇ ಶಿವಕಾಂತಮ್ಮ ಹಿಂದಿನ ಸಾಲಿಗೆ ತಿರುಗಿ, ಹೆಮ್ಮೆಯಿಂದ, ಎಲ್ಲರಿಗೂ ಕೇಳುವ ಹಾಗೆ: “ನಮ್ಮ ಮಂಜುಷಾ ಬರದದ್ದು ರೀ. ಎಷ್ಟು ಛಂದ ಬರದಾಳ ನೋಡ್ರಿ.”

ಬುಶ್ರಾ ಕೇಳಿಸಿಕೊಂಡಳು. ತಿರುಗಿ ನನ್ನನ್ನು ನೋಡಿದಳು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಕುರ್ಚಿಯ ಮೇಲಿನ ಪರ್ಸು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಅವಳನ್ನು ಕರೆದರು.

“ಇದು ನಿಮ್ಮ ಸಹಿಯೇ?” ಅಧಿಕಾರಿ ಕೇಳಿದರು.

“ಹೌದ್ರಿ ಸರ್.”

“ಓದಿ ಹಾಕಿದಿರಾ?”

“ಇಲ್ರಿ. ಗೆಳತಿ ಮನಿಯಾಗ ಹಾಕಿದೆ. ಗೆಳತಿ ಮನಿ ಅಂತ ಓದಲಿಲ್ಲ.”

“ಅದನ್ನು ಆ ಗೆಳತಿ ಬಂದು ಹೇಳಬೇಕಾಗುತ್ತದೆ. ಬಂದಿದ್ದಾರೆಯೇ?”

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಯಾರೂ ನೋಡುತ್ತಿರಲಿಲ್ಲ. ಅವಳ ಪಕ್ಕ ನಿಂತಿದ್ದ ಝಹೀರ್ ಒಬ್ಬ ನನ್ನ ಕಡೆ ಬೆರಳು ಮಾಡಲು ಕೈ ಎತ್ತಿದ. ಬುಶ್ರಾ ಅವನ ಕೈ ಹಿಡಿದು ಕೆಳಗಿಳಿಸಿದಳು. ಆಮೇಲೆ ಹೇಳಿದಳು. ನನ್ನನ್ನು ನೋಡಿಯೇ ಹೇಳಿದಳು.

“ಇಲ್ರಿ ಸರ್. ಆಕಿ ಬಂದಿಲ್ಲ.”

ನಾನು ಕೂತೇ ಇದ್ದೆ. ಮೂರನೇ ಸಾಲಿನಲ್ಲಿ. ಬೈದಿದ್ದರೆ ಎದ್ದು ನಿಲ್ಲುತ್ತಿದ್ದೆನೋ ಏನೋ. ಬೈಯಲಿಲ್ಲ. ನನ್ನನ್ನು ಕಾಪಾಡಿದಳೋ, ಇಲ್ಲವಾಗಿಸಿದಳೋ... ಎರಡೂ ಒಂದೇ.

ಸಂಜೆ ಐದರವರೆಗೆ ಕೋಣೆಯಲ್ಲೇ ಇರುತ್ತೇನೆ, ಇನ್ನೂ ಹೇಳುವವರಿದ್ದರೆ ಬನ್ನಿ ಎಂದು ಅಧಿಕಾರಿ ಎದ್ದರು. ಕಾಲೊನಿಯವರು ಕೈ ಕುಲುಕಿಕೊಂಡರು. ಬುಶ್ರಾ ನನ್ನ ಮುಂದಿನಿಂದಲೇ ಹೋದಳು. “ಬರ್ತೀನಿ ಮೇಡಂ” ಅಂದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಮೇಡಂ ಅಂದಿರಲಿಲ್ಲ. ಈಗ ರಸ್ತೆಯ ಆಚೆ ನಿಂತಿದ್ದಾಳೆ, ಝಹೀರನಿಂದ ನಾಲ್ಕು ಹೆಜ್ಜೆ ದೂರ. ಗಾಡಿಗಳು ಬಿಡುವೇ ಕೊಡುತ್ತಿಲ್ಲ, ನಡುನಡುವೆ ಅವಳ ದುಪಟ್ಟಾ ಮಾತ್ರ ಕಾಣುತ್ತದೆ.

ಇವರು ಗೇಟಿನ ಹತ್ತಿರ ಹಾರ್ನು ಮಾಡುತ್ತಿದ್ದಾರೆ. ಮತ್ತೆ ಮಾಡಿದರು.

ಸಿಪಾಯಿಯನ್ನು ಕೇಳಿದೆ, ಸಾಹೇಬರು ಇದ್ದಾರಾ ಎಂದು. “ಅದಾರ ರೀ. ಒಬ್ಬರಽ ಅದಾರ, ಹೋಗ್ರಿ ಒಳಗ.”

ಕಾಲೊನಿಯಲ್ಲಿ ಮುಖ ಎತ್ತಿ ತಿರುಗಲು ಆಗುವುದಿಲ್ಲ. ಇವರು ಎಷ್ಟು ದಿನ ಮಾತು ಬಿಡುತ್ತಾರೋ. ಬುಶ್ರಾ ಮತ್ತೆ ಅಕ್ಕಾ ಅನ್ನುವುದೂ ಇಲ್ಲ, ಅದು ಗೊತ್ತು. ಒಳಗೆ ಹೋದರೆ ಬಾಯಿ ಕಟ್ಟುತ್ತದೆ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ಮಾತು ಇದು: ಸರ್, ಆ ಗೆಳತಿ ಬಂದಿದ್ದಾಳೆ, ನಾನೇ. ಎರಡನೆಯದು —